ಎದ್ದ ಕೂಡಲೆ ಅಳು

ನನ್ನ ಮಗ ನಿದ್ದೆಯಿಂದ ಏಳುತ್ತಾನೆಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆ ಡವಡವ ಅನ್ನುತ್ತಿತ್ತು. ಬೆಳಗಿನ ನಿದ್ದೆಯಾಗಲಿ, ಮಧ್ಯಾಹ್ನದ್ದಾಗಲಿ, ಅವನು ಕಣ್ಣು ಬಿಡುವುದಕ್ಕಿಂತ ಮೊದಲು ಬಾಯಿ ಬಿಡುತ್ತಿದ್ದ. ಸುಮ್ಮನೆ ಕುಂಯ್ ಅನ್ನುವ ಅಳುವಲ್ಲ. ಚೇಳು ಕಡಿದವರ ಹಾಗೆ ಒಂದು ಕೂಗು, ಆಮೇಲೆ ಉಸಿರು ಕಟ್ಟಿ ಮುಖವೆಲ್ಲ ಕೆಂಪು, ನಾವೆಲ್ಲ ಗಾಬರಿಯಾಗಿ ಬೆನ್ನು ತಟ್ಟಿದ ಮೇಲೆ ಮತ್ತೊಂದು ಕೂಗು. ಎತ್ತಿಕೊಂಡರೆ ಹಿಂದಕ್ಕೆ ಬಾಗುತ್ತಿದ್ದ, ಇಳಿಸಿದರೆ ನೆಲದ ಮೇಲೆ ಹೊರಳುತ್ತಿದ್ದ, ಹಾಲು ಕೊಟ್ಟರೆ ಲೋಟ ಒಗೆಯುತ್ತಿದ್ದ. ಒಂದು ತಾಸು ಹೀಗೆ ನಡೆದು, ತಾನೇ ದಣಿದು, ಬಿಕ್ಕುತ್ತ ಬಿಕ್ಕುತ್ತ ಅಜ್ಜಿಯ ಹೆಗಲಿಗೆ ಒರಗುತ್ತಿದ್ದ. ಅಷ್ಟು ಹೊತ್ತಿಗೆ ನಮ್ಮ ಅತ್ತೆಯ ಸೀರೆ ಕಣ್ಣೀರು, ಸಿಂಬಳ, ಹಾಲು ಎಲ್ಲ ಸೇರಿ ಒದ್ದೆಯಾಗಿರುತ್ತಿತ್ತು.

ಅವನು ಹುಟ್ಟಿನಿಂದ ಹೀಗೆ ಇರಲಿಲ್ಲ. ಹುಟ್ಟಿದ್ದು ಬನಹಟ್ಟಿಯಲ್ಲಿ, ನನ್ನ ತವರಿನಲ್ಲಿ. ಗಂಡನ ಊರಾದ ಹುನ್ನೂರಿನ ನಮ್ಮ ಮನೆಗೆ ಆಗ ಹಳೆಯ ಛಾವಣಿ ತೆಗೆದು ಹೊಸದು ಹಾಕುತ್ತಿದ್ದರು. ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಅನ್ನುತ್ತ ಒಂದು ವರ್ಷ ನಾಲ್ಕು ತಿಂಗಳು ನಾನೂ ಕೂಸೂ ತವರಿನಲ್ಲೇ ಉಳಿದೆವು. ಅಲ್ಲಿ ಅವನು ಎದ್ದರೆ ಎದ್ದದ್ದೇ ಗೊತ್ತಾಗುತ್ತಿರಲಿಲ್ಲ. ತನ್ನಷ್ಟಕ್ಕೆ ಕಾಲು ಬೆರಳು ಹಿಡಿದುಕೊಂಡು ಆಡುತ್ತ ಮಲಗಿರುತ್ತಿದ್ದ. ನಾನು ಅಡುಗೆ ಮನೆಯಿಂದ ಇಣುಕಿದರೆ ಎರಡು ಹಲ್ಲು ತೋರಿಸಿ ನಗುತ್ತಿದ್ದ. ಓಣಿಯ ಹೆಂಗಸರು ಇಂಥ ಕೂಸು ಪಡೆಯಲು ಪುಣ್ಯ ಮಾಡಿರಬೇಕು ಅನ್ನುತ್ತಿದ್ದರು. ನಾನೂ ಹೌದು ಹೌದು ಎಂದು ಬೀಗುತ್ತಿದ್ದೆ.

ಛಾವಣಿ ಮುಗಿದು ಹುನ್ನೂರಿಗೆ ಬಂದ ಮರುದಿನವೇ ನಾನು ಕೆಲಸಕ್ಕೆ ಹೋಗತೊಡಗಿದೆ. ಮುಧೋಳದ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸ. ಮದುವೆಗೆ ಮೊದಲಿನಿಂದ ಮಾಡಿಕೊಂಡು ಬಂದದ್ದು, ನಾನು ಬಹಳ ಪ್ರೀತಿಯಿಂದ ಮಾಡುವಂಥದ್ದು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿಯೆಂದರೆ ಆರೂವರೆಗೇ ಮನೆ ಬಿಡಬೇಕು, ಜಮಖಂಡಿಯಲ್ಲಿ ಬಸ್ಸು ಬದಲಿಸಬೇಕು. ಮಧ್ಯಾಹ್ನದ ಪಾಳಿಯೆಂದರೆ ಕೂಸಿಗೆ ಬೇಗ ಉಣ್ಣಿಸಿ, ತೊಡೆಯ ಮೇಲೆ ಹಾಕಿಕೊಂಡು ಮಲಗಿಸಿ ಹೊರಡಬೇಕು.

ಹೊರಡುವುದು ಹೇಗೆ ಎನ್ನುವುದನ್ನು ಮೊದಲ ದಿನವೇ ಅತ್ತೆ ಕಲಿಸಿಕೊಟ್ಟರು.

"ಮಲಕೊಂಡಾಗ ಹೋಗಿಬಿಡಬೇಕ ನೋಡು. ಎಚ್ಚರ ಇದ್ದಾಗ ಹೊಂಟ್ರ ಬೆನ್ನ ಹತ್ತತೈತಿ. ಅಳೂ ಕೂಸಿನ ಮುಖ ನೋಡಿ ಹೊಸ್ತಿಲಾ ದಾಟೂದು ಛಲೋ ಅಲ್ಲ."

ನಮ್ಮ ಅತ್ತೆ ಬೀರೇಶ್ವರನ ಭಕ್ತೆ, ಶಕುನದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೊರಟವರನ್ನು ಯಾರಾದರೂ ಎಲ್ಲಿಗೆ ಎಂದು ಕೇಳಿದರೆ ಸಾಕು, ಒಳಗೆ ಕರೆದು ಐದು ನಿಮಿಷ ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುವವರು. ಆದರೆ ಈ ಮಾತು ಅವರದೊಬ್ಬರದೇ ಅಲ್ಲ. ನಮ್ಮವ್ವನೂ ಇದನ್ನೇ ಹೇಳಿದ್ದಳು, ಆಸ್ಪತ್ರೆಯ ಆಯಾಗಳೂ ಇದನ್ನೇ ಹೇಳಿದ್ದರು. ಹಾಗಾಗಿ ನಾನು ಕಳ್ಳಿಯ ಹಾಗೆ ಹೋಗುವುದನ್ನು ಕಲಿತೆ. ಸೆರಗು ಹಿಡಿದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು. ನನ್ನ ಜಾಗದಲ್ಲಿ ಉದ್ದನೆಯ ದಿಂಬು ಇಟ್ಟು ಅದಕ್ಕೆ ನಾನು ಉಟ್ಟು ಬಿಟ್ಟ ಸೀರೆ ಸುತ್ತುವುದು. ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದ ಆಚೆ ಹೋಗಿ ಮೆಟ್ಟಿಕೊಳ್ಳುವುದು. ಕಾಲುಂಗುರ ಹಾಸುಗಲ್ಲಿಗೆ ತಾಕಿ ಟಿಣ್ ಅನ್ನಬಾರದೆಂದು ಹಿಮ್ಮಡಿಯ ಮೇಲೆ ನಡೆಯುವುದನ್ನೂ ರೂಢಿ ಮಾಡಿಕೊಂಡಿದ್ದೆ. ಬಸ್ಸಿನಲ್ಲಿ ಕೂತ ಮೇಲೆ, ಅಬ್ಬಾ, ಇವತ್ತೂ ಎಚ್ಚರವಾಗಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಹುನ್ನೂರಿಗೆ ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ ಅಳು ಶುರುವಾಯಿತು. ಮೊದಲು ಹಲ್ಲು ಬರುತ್ತಿರಬೇಕು ಅಂದುಕೊಂಡೆವು. ಆಮೇಲೆ ಹೊಟ್ಟೆನೋವು ಎಂದೆವು, ಅಜವಾನದ ನೀರು ಕುಡಿಸಿದೆವು. ನಾನು ಆಸ್ಪತ್ರೆಗೇ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿದೆ, ಕಿವಿ ನೋಡಿಸಿದೆ. ಎಲ್ಲ ಸರಿಯಾಗಿತ್ತು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕೂಸು ಇನ್ನಷ್ಟು ಅತ್ತಿತು. ಬೀರೇಶ್ವರನ ಗುಡಿಯಿಂದ ಭಂಡಾರದ ಅರಿಶಿನ ತಂದು ದಿನವೂ ಹಣೆಗೆ ಹಚ್ಚಿದರು. ಹಳದಿ ಹಣೆಯ ಕೂಸು ಹಳದಿ ಹಣೆಯಲ್ಲೇ ಎದ್ದು ಅಳುತ್ತಿತ್ತು.

ಕೊನೆಗೆ ಕಾರಣ ಕಂಡುಹಿಡಿದವಳು ನಮ್ಮವ್ವ. ಬನಹಟ್ಟಿಯಿಂದ ಫೋನು ಮಾಡಿ ಕೂಗಿಯೇ ಹೇಳಿದಳು. ಮಗ್ಗದ ಸಪ್ಪಳದಲ್ಲಿ ಇಡೀ ಜನ್ಮ ಕಳೆದವಳಾದ್ದರಿಂದ ಅವಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

"ಅಯ್ಯ, ಅಷ್ಟೂ ತಿಳಿಯೂದಿಲ್ಲೇನಬೇ ನಿನಗ? ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಮಲಗಿದ ಕೂಸದು. ನಿಮ್ಮ ಊರಾಗ ಏನೈತಿ? ಸುಡಗಾಡ ಇದ್ದಂಗ ಶಾಂತ! ಎದ್ದ ಕೂಡಲೆ ಕಿವಿಗೆ ಏನೂ ಕೇಳಸೂದಿಲ್ಲ, ಅಂಜತೈತಿ ಅದು."

ನನಗೂ ಖರೆ ಅನ್ನಿಸಿತು. ತವರಿನ ನಮ್ಮ ಮನೆಗೂ ಪಕ್ಕದ ಪವರ್‌ಲೂಮಿನ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಗಿನಿಂದ ಖಟಖಟ ಖಟಖಟ. ಅಲ್ಲಿ ಕರೆಂಟು ಹೋದರೆ ಕೂಸುಗಳು ಬೆಚ್ಚಿ ಏಳುವುದನ್ನು ನಾನೇ ನೋಡಿದ್ದೆ. ಮರುದಿನವೇ ಅವ್ವ ಶೆಡ್ಡಿನಲ್ಲಿ ನಿಂತು ಮಗ್ಗದ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿಸಿ ವಾಟ್ಸಾಪಿನಲ್ಲಿ ಕಳಿಸಿದಳು. ನನ್ನ ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ಟ್ರ್ಯಾಕ್ಟರಿನಲ್ಲಿ ಹಾಡು ಕೇಳಲು ಇಟ್ಟುಕೊಂಡಿದ್ದ ದೊಡ್ಡ ಸ್ಪೀಕರನ್ನು ಬಿಚ್ಚಿ ತಂದು ಹಾಸಿಗೆಯ ತಲೆಯ ಹತ್ತಿರ ಇಟ್ಟರು. ಮೂರು ದಿನ ನಮ್ಮ ಮನೆ ಬನಹಟ್ಟಿಯಾಯಿತು. ಹಾದಿಯಲ್ಲಿ ಹೋಗುವವರು ನಿಂತು, ಮಗ್ಗ ಹಾಕಿದಿರೇನ್ರಿ ಎಂದು ಕೇಳಿದರು. ಕೊಟ್ಟಿಗೆಯ ಎಮ್ಮೆ ಬೆದರಿ ಹಾಲು ಇಳಿಸಲಿಲ್ಲ. ಕೂಸು ಮಾತ್ರ ಆ ಸಪ್ಪಳದಲ್ಲಿ ಬಹಳ ಛಲೋ ಮಲಗಿತು, ಬಹಳ ಛಲೋ ಎದ್ದು, ಮಗ್ಗಕ್ಕಿಂತ ಜೋರಾಗಿ ಅತ್ತಿತು.

"ಬಂದ ಮಾಡ್ರೋ ಅದನ್ನ! ಒಂದ ಅಳೂ ಸಾಲದಂತ ಎರಡೆರಡು ತಂದ ಹಚ್ಚೀರಿ," ಎಂದು ಅತ್ತೆ ಸ್ಪೀಕರನ್ನು ಹಂಡೆಯ ಹಿಂದೆ ಬಚ್ಚಿಟ್ಟರು.

ಆರು ತಿಂಗಳು ಹೀಗೇ ನಡೆಯಿತು. ಕೂಸು ಬಡವಾಯಿತು, ಅತ್ತೆ ಅದಕ್ಕಿಂತ ಬಡವಾದರು. ಅವರಿಗೆ ಮೊದಲೇ ಟೊಂಕದ ನೋವು. ಹಿಂದಕ್ಕೆ ಬಾಗಿ ಒದ್ದಾಡುವ ಕೂಸನ್ನು ದಿನಕ್ಕೆ ಎರಡು ಸಲ ಒಂದೊಂದು ತಾಸು ಹಿಡಿದು ನಿಲ್ಲುವುದು ಹುಡುಗಾಟವಲ್ಲ. ಒಂದು ಶುಕ್ರವಾರ ನಾನು ಕೆಲಸದಿಂದ ಬಂದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ನನ್ನ ಗಂಡನೂ ಅಲ್ಲೇ ಇದ್ದರು. ಇಬ್ಬರೂ ಮಾತಾಡಿ ಮುಗಿಸಿ ನನಗಾಗಿ ಕಾಯುತ್ತಿದ್ದಾರೆ ಎಂದು ಮುಖ ನೋಡಿದ ಕೂಡಲೆ ಗೊತ್ತಾಯಿತು.

"ನನ್ನ ಕೈಲೆ ಆಗವಲ್ದಬೇ," ಎಂದರು ಅತ್ತೆ. ಸಿಟ್ಟಿನಿಂದಲ್ಲ, ಅಳುವ ದನಿಯಲ್ಲಿ. "ನೀ ಕೆಲಸಾ ಬಿಡು ಅನ್ನೂದಿಲ್ಲ ನಾ. ಕೂಸಿನ್ನ ನಿಮ್ಮವ್ವನ ಕಡಿ ಬಿಡು. ಅಲ್ಲೆ ನಕ್ಕೋತ ಇತ್ತಂತಲ್ಲ, ಅಲ್ಲೇ ಇರ್ಲಿ. ಐತವಾರಕ್ಕೊಮ್ಮೆ ಹೋಗಿ ನೋಡಿ ಬಾ."

ಸೋಮವಾರ ಬೆಳಿಗ್ಗೆ ಬನಹಟ್ಟಿಗೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಮಾತಾಡುವ ಬಾಯಿ ನನ್ನದಾದರೂ ನೋಯುವ ಟೊಂಕ ಅವರದು. ಕೆಲಸ ಬಿಡುತ್ತೇನೆ ಅನ್ನಬಹುದಿತ್ತು, ಅದೂ ನಾಲಿಗೆಯ ತುದಿಗೆ ಬಂದು ನಿಂತಿತು. ವಾರಕ್ಕೊಮ್ಮೆ ನೋಡುವ ಮಗ! ಎರಡು ವರ್ಷವೂ ತುಂಬದ ಕೂಸು ಒಂದು ವಾರದಲ್ಲಿ ಎಷ್ಟು ಬದಲಾಗುತ್ತದೆಂದು ನನಗೆ ಗೊತ್ತಿತ್ತು. ಇನ್ನು ಮೇಲೆ ನಾನು ಅವನಿಗೆ ಐತವಾರದ ಅತಿಥಿ ಎಂದು ಎರಡು ದಿನ ಒಳಗೊಳಗೇ ಉರಿದೆ.

ಐತವಾರ ಮಧ್ಯಾಹ್ನ ಊಟವಾದ ಮೇಲೆ ಅವನ ಅಂಗಿ, ಚಡ್ಡಿ, ಕುಲಾಯಿ ಎಲ್ಲ ಮಡಿಸಿ ಚೀಲಕ್ಕೆ ತುಂಬುತ್ತಿದ್ದೆ. ಅವನು ಪಕ್ಕದಲ್ಲೇ ಮಲಗಿದ್ದ. ಎರಡು ದಿನದಿಂದ ಸರಿಯಾಗಿ ನಿದ್ದೆಯಿರಲಿಲ್ಲವಲ್ಲ, ಅವನ ಮೇಲೆ ಕೈ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಒರಗಿದೆ.

ಎಚ್ಚರವಾದಾಗ ಕಿಟಕಿಯಲ್ಲಿ ಕೆಂಪು ಬೆಳಕು. ಅದು ಬೆಳಗೋ ಸಂಜೆಯೋ ತಿಳಿಯಲಿಲ್ಲ. ಪಾಳಿ ತಪ್ಪಿತು ಎಂದು ದಡಬಡಿಸಿ ಎದ್ದು ಕೂತೆ. ಕೈ ಚಾಚಿದರೆ ಕೂಸಿಲ್ಲ. ಅವನಿದ್ದ ಜಾಗ ತಣ್ಣಗಾಗಿತ್ತು. ಅತ್ತೀ ಎಂದು ಕೂಗಿದೆ. ರೀ ಎಂದು ಕೂಗಿದೆ. ಯಾರೂ ಓಗೊಡಲಿಲ್ಲ. ಅಡುಗೆ ಮನೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಚೀಲ ತುಂಬಿ ನಿಂತಿದ್ದನ್ನು ಕಂಡು, ನನಗೆ ಹೇಳದೆ ಇವತ್ತೇ ಬನಹಟ್ಟಿಗೆ ಒಯ್ದುಬಿಟ್ಟರೇ ಎನ್ನುವ ಹುಚ್ಚು ಯೋಚನೆ ಬಂತು. ಚೀಲ ಇಲ್ಲೇ ಇದೆ, ಅದಿಲ್ಲದೆ ಹೇಗೆ ಒಯ್ಯುತ್ತಾರೆ ಎಂದು ಯೋಚಿಸುವಷ್ಟೂ ಬುದ್ಧಿ ಆಗ ಇರಲಿಲ್ಲ. ಬಾಗಿಲಿಗೆ ಓಡಿದೆ. ಹೊರಗಿನಿಂದ ಚಿಲಕ ಹಾಕಿತ್ತು! ಬಾಗಿಲು ಬಡಿದೆ, ಕೂಗಿದೆ, ಆಮೇಲೆ ಹೊಸ್ತಿಲ ಹತ್ತಿರವೇ ಕುಸಿದು ಕೂತು ಗೊಳೋ ಎಂದು ಅಳತೊಡಗಿದೆ. ಇಪ್ಪತ್ತೆಂಟು ವರ್ಷದ ಹೆಂಗಸು, ಆಸ್ಪತ್ರೆಯಲ್ಲಿ ಹತ್ತು ಜನಕ್ಕೆ ಧೈರ್ಯ ಹೇಳುವವಳು, ಮೊಬೈಲು ಕೈಗೆಟಕುವ ದೂರದಲ್ಲಿದ್ದರೂ ಅದು ನೆನಪಾಗದೆ, ಬಾಯಿ ಬಿಟ್ಟು ಅಳುತ್ತ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಅತ್ತೆ, ಅವರ ಟೊಂಕದ ಮೇಲೆ ನನ್ನ ಮಗ, ಇಬ್ಬರ ಹಣೆಯ ಮೇಲೂ ಹೊಸ ಭಂಡಾರ.

"ಏನಾತಬೇ? ಯಾಕ ಅಳಾಕತ್ತಿ?"

"ಎಲ್ಲಿಗೆ ಹೋಗಿದ್ರಿ?" ನಾನು ಕಿರಿಚಿದೆ. ಅತ್ತೆಯ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು. "ಒಂದ ಮಾತ ಹೇಳಿ ಹೋಗಾಕ ಏನಾಗಿತ್ರಿ ನಿಮಗ?"

"ಗುಡಿಗೆ ಹೋಗಿದ್ವಿ. ಎರಡ ದಿನದಿಂದ ನಿದ್ದಿ ಮಾಡಿಲ್ಲ, ಎಬಸೂದು ಬ್ಯಾಡ ಅಂತ ಸಪ್ಪಳ ಮಾಡದ ಹೋಗೀನಿ. ನಾಯಿ ಹೊಕ್ಕೀತಂತ ಚಿಲಕಾ ಹಾಕೀನಿ." ಅತ್ತೆಗೂ ಸಿಟ್ಟು ಬಂತು. "ನೀ ಏನ ಸಣ್ಣ ಕೂಸೇನ ಹಿಂಗ ಅಳಾಕ? ಎಲ್ಲಿ ಹೋಗ್ತೇವಿ, ತಿರಗಿ ಬರ್ತೇವಿ ಅನ್ನೂದ ಗೊತ್ತಾಗೂದಿಲ್ಲ?"

ಟೊಂಕದ ಮೇಲಿದ್ದ ಮಗ ಬೆರಳು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

ಅಯ್ಯೋ ಶಿವನೇ, ಇದೇ ಅಲ್ಲವೇ! ನನಗೆ ಒಂದೇ ಸಲ, ಅರ್ಧ ತಾಸು. ಅವನಿಗೆ ಆರು ತಿಂಗಳು, ದಿನವೂ. ಮಲಗುವಾಗ ಅವ್ವನ ಸೆರಗು ಕೈಯಲ್ಲಿರುತ್ತದೆ, ಏಳುವಾಗ ದಿಂಬಿಗೆ ಸುತ್ತಿದ ಸೀರೆ ಇರುತ್ತದೆ. ಯಾವತ್ತು ಇರುತ್ತಾಳೆ, ಯಾವತ್ತು ಇರುವುದಿಲ್ಲ, ಹೋದವಳು ಬರುತ್ತಾಳೋ ಇಲ್ಲವೋ, ಅವನಿಗೆ ಯಾರು ಹೇಳಿದ್ದರು? ನಾನು ಮನೆಯಲ್ಲಿದ್ದ ದಿನವೂ ಅವನು ಅಳುತ್ತ ಏಳುತ್ತಿದ್ದುದು ಇದಕ್ಕೇ. ಕಣ್ಣು ಬಿಟ್ಟು ನೋಡಿ ಆಮೇಲೆ ಅಳುವಷ್ಟು ಧೈರ್ಯವೂ ಅವನಿಗೆ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಸೂಜಿಗೆ ಅಂಜುವ ಮಕ್ಕಳಿಗೆ ನಾನು ನೋವಾಗುವುದಿಲ್ಲ ಎಂದು ಸುಳ್ಳು ಹೇಳುವವಳಲ್ಲ. ಚುಚ್ಚುತ್ತದೆ, ಎರಡು ಎಣಿಸುವುದರಲ್ಲಿ ಮುಗಿಯುತ್ತದೆ ಎಂದು ಹೇಳಿಯೇ ಚುಚ್ಚುತ್ತೇನೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಮನೆಯಿಂದ ಹೊರಡುವಾಗ ಅತ್ತೆಗೆ ಹೋಗಿ ಬರ್ತೇನ್ರಿ ಅನ್ನುತ್ತೇನೆ, ಗಂಡನಿಗೆ ಅನ್ನುತ್ತೇನೆ, ಎದುರು ಮನೆಯ ಅಜ್ಜಿಗೂ ಅನ್ನುತ್ತೇನೆ. ಊರಿಗೆಲ್ಲ ಹೇಳಿ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಮಾತ್ರ ಹೇಳದೆ ಹೋಗುತ್ತಿದ್ದೆ. ಅವನು ಅಳಬಾರದೆಂದು ಅಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅವನು ಅಳುವುದನ್ನು ನೋಡುವುದು ನನಗೆ ಬೇಡವಾಗಿತ್ತು, ಅಷ್ಟೇ. ಆ ಅಳುವನ್ನು ಅತ್ತೆಯ ಟೊಂಕಕ್ಕೆ ಕಟ್ಟಿ ನಾನು ಬಸ್ಸಿನಲ್ಲಿ ಹಾಯಾಗಿ ಕೂರುತ್ತಿದ್ದೆ.

ಅಂದು ಸಂಜೆ ಅತ್ತೆಯ ಕಾಲು ಹಿಡಿದುಕೊಂಡೆ, ಬಿಡಲೇ ಇಲ್ಲ. ಹದಿನೈದು ದಿನ ಕೊಡ್ರಿ ಎಂದೆ. ಇನ್ನು ಮೇಲೆ ಅವನನ್ನು ಎಬ್ಬಿಸಿ, ಹೇಳಿಯೇ ಹೋಗುತ್ತೇನೆ ಎಂದೆ.

"ಹುಚ್ಚ ಹಿಡದೈತೇನ ನಿನಗ? ಮಲಗಿದ ಕೂಸಿನ್ನ ಎಬಿಸಿ ಅಳಸತಿ? ಅಳಕೋತ ಕಳಿಸಿದ್ರ ಹಾದಿಗೆ ಒಳ್ಳೇದಾಗತೈತೇನ?"

"ಹದಿನೈದ ದಿವಸ ಅತ್ತೀ. ಆಗಲಿಲ್ಲಂದ್ರ ನಾನ ಬಿಟ್ಟ ಬರ್ತೇನಿ."

ಕಟ್ಟೆಯ ಮೇಲಿದ್ದ ಗಂಡ, "ಬೀರೇಶ್ವರಗೂ ಆಗಲಿಲ್ಲ, ಮಗ್ಗಕ್ಕೂ ಆಗಲಿಲ್ಲ, ಇದನ್ನೊಂದ ನೋಡೂಣು ಬಿಡ ಯವ್ವಾ," ಎಂದರು. ಅತ್ತೆ ಕೈ ಮೇಲೆತ್ತಿ, ನಿಮ್ಮ ಹಣೆಬರಹ ಎಂದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಅವನನ್ನು ಎಬ್ಬಿಸಿದೆ. ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸಿ, ದೊಡ್ಡವರಿಗೆ ಹೇಳಿದ ಹಾಗೆ ಹೇಳಿದೆ. "ಅವ್ವ ಮುಧೋಳಕ್ಕ ಹೊಂಟಾಳ. ನೀ ಆಡ್ತಿ, ಉಣ್ತಿ, ಮಲಕೋತಿ. ಎದ್ದಾಗ ಅಜ್ಜಿ ಇರ್ತಾಳ. ಎಮ್ಮಿ ಮೇದು ಸಂಜಿಗೆ ಮನಿಗೆ ಬರ್ತೈತಲ್ಲ, ಆವಾಗ ಅವ್ವ ಬರ್ತಾಳ." ಅವನಿಗೆ ಏನು ತಿಳಿಯಿತೋ ದೇವರಿಗೇ ಗೊತ್ತು. ನಾನು ಚಪ್ಪಲಿ ಮೆಟ್ಟಿಕೊಂಡದ್ದನ್ನು ನೋಡಿದ ಕೂಡಲೆ ಕೊರಳಿಗೆ ಜೋತುಬಿದ್ದು ಕಿರಿಚಿದ.

ಅತ್ತೆ ಏನು ಮಾಡಿದರು ಗೊತ್ತೇ? ಅಪಶಕುನಕ್ಕೆ ಹೆದರಿದವರು ಅದಕ್ಕೆ ತಮ್ಮದೇ ಉಪಾಯ ಹೂಡಿದರು. ಒಂದು ಟೊಂಕದ ಮೇಲೆ ಕೂಗುವ ಮೊಮ್ಮಗ, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ. ನಾನು ಅಂಗಳ ದಾಟುವುದಕ್ಕಿಂತ ಮೊದಲು ಸುತ್ತು ಹಾಕಿ ಬೀದಿಯ ಕಡೆಯಿಂದ ಎದುರಿಗೆ ಬಂದರು. ತುಂಬಿದ ನೀರು ಎದುರಾದರೆ ಒಳ್ಳೆಯ ಶಕುನವಲ್ಲವೇ? ಅಳುವುದಕ್ಕೂ ಇದಕ್ಕೂ ಸರಿಯಾಯಿತು ಎಂದು ಅವರ ಲೆಕ್ಕ. ಅಂದಿನಿಂದ ದಿನವೂ ಅದೇ ಮೆರವಣಿಗೆ. ಕೂಸು ಕಾಲು ಝಾಡಿಸಿ ಅರ್ಧ ನೀರು ಅತ್ತೆಯ ಸೀರೆಯ ಮೇಲೇ ಚೆಲ್ಲುತ್ತಿತ್ತು. ನನಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. ಬಸ್ಸಿನ ಕಿಟಕಿಯ ಹತ್ತಿರ ಕೂತು ಜಮಖಂಡಿ ಬರುವ ತನಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ.

ಮೊದಲ ವಾರ ಮಧ್ಯಾಹ್ನದ ಅಳು ಒಂದಿಷ್ಟೂ ಕಡಿಮೆಯಾಗಲಿಲ್ಲ. ಈಗ ಹೊರಡುವಾಗಲೂ ಅಳು, ಏಳುವಾಗಲೂ ಅಳು. ಅತ್ತೆ ಫೋನಿನಲ್ಲಿ, ಆತು ಇವತ್ತೂ ಒಂದ ತಾಸ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ನನಗೂ ಧೈರ್ಯ ಕುಸಿಯಿತು. ಆದರೆ ಎಮ್ಮೆ ಬರುವ ಹೊತ್ತಿಗೆ ಬರುತ್ತೇನೆ ಎಂದ ಮೇಲೆ ಬರಲೇಬೇಕಲ್ಲ. ಒಂದು ದಿನ ಜಮಖಂಡಿಯಲ್ಲಿ ಬಸ್ಸು ತಪ್ಪಿ, ಟಂಟಂ ಗಾಡಿಯ ಹಿಂದೆ ಹುಲ್ಲಿನ ಹೊರೆಗಳ ನಡುವೆ ಸಿಕ್ಕಿಕೊಂಡು ಬಂದೆ. ಎಮ್ಮೆಯೂ ನಾನೂ ಒಂದೇ ಸಲ ಅಂಗಳಕ್ಕೆ ಕಾಲಿಟ್ಟೆವು. ಎರಡನೆಯ ವಾರ ಮಧ್ಯಾಹ್ನದ ಪಾಳಿ. ಆಗಲೂ ಮಲಗಿಸುವುದಕ್ಕಿಂತ ಮೊದಲೇ ಹೇಳಿದೆ, ದೀಪ ಹಚ್ಚಿದ ಮೇಲೆ ಬರುತ್ತೇನೆ ಎಂದು. ಎಚ್ಚರ ಇದ್ದಾಗಲೇ ಹೊರಟೆ, ಮಲಗಿಸುವುದನ್ನು ಅತ್ತೆಗೆ ಬಿಟ್ಟೆ. ದಿಂಬಿಗೆ ಸೀರೆ ಸುತ್ತುವುದನ್ನಂತೂ ನಿಲ್ಲಿಸಿದ್ದೆ. ಆ ವಾರದ ಕೊನೆಗೆ ಒಂದು ತಾಸು ಅರ್ಧ ತಾಸಾಯಿತು. ಒಂದು ದಿನ ಕಾಲು ತಾಸು, ಮರುದಿನ ಮತ್ತೆ ಮುಕ್ಕಾಲು ತಾಸು. ಅಷ್ಟರಲ್ಲಿ ಹದಿನಾಲ್ಕು ದಿನ ಮುಗಿದವು.

ಹದಿನೈದನೆಯ ದಿನ ಮತ್ತೆ ಬೆಳಗಿನ ಪಾಳಿ. ಮಧ್ಯಾಹ್ನ ಎರಡರ ಸುಮಾರಿಗೆ ನಾನು ಒಬ್ಬ ಅಜ್ಜನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ಫೋನು ಬಂತು. ಅತ್ತೆ. ಬನಹಟ್ಟಿಗೆ ಕಳಿಸುವ ಮಾತು ಎತ್ತುತ್ತಾರೆ ಎಂದುಕೊಂಡು ಅಜ್ಜನನ್ನು ಹಾಗೇ ಬಿಟ್ಟು ಮೂಲೆಗೆ ಹೋದೆ.

"ಎದ್ದಾನ," ಎಂದರು.

"ಹೂನ್ರಿ."

"ಎದ್ದಾನ ಅಂದೆ. ಅತ್ತಿಲ್ಲ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಕೇಳಸತೈತಿಲ್ಲೊ? ಕಣ್ಣ ಬಿಟ್ಟ, ಬಾಜು ನೋಡಿದ. ತುಟಿ ಹಿಂಗ ಮಾಡಿದ, ಇನ್ನ ಸುರು ಅಂದ್ಕೊಂಡೆ. ಆಮ್ಯಾಗ ನನ್ನ ನೋಡಿ, 'ಅವ್ವ ಇಲ್ಲ. ಎಮ್ಮಿ ಬತ್ತೈತಿ, ಅವ್ವ ಬತ್ತಾಳ' ಅಂದ. ರೊಟ್ಟಿ ಬೆಲ್ಲಾ ಬೇಡಿದ. ಉಣ್ಣಾಕತ್ತಾನ." ಮೂಗೆಳೆದುಕೊಂಡು, ಎಂದಿನ ಗಡಸು ದನಿಯಲ್ಲಿ ಹೇಳಿದರು: "ನಿಮ್ಮವ್ವಗ ಫೋನ್ ಮಾಡಿ ಹೇಳಿಬಿಡು. ಕೂಸು ಎಲ್ಲೂ ಬರೂದಿಲ್ಲಂತ."

ಆ ಅಜ್ಜ ಪಟ್ಟಿ ಕಟ್ಟಿಸಿಕೊಂಡು ಕೈ ಚಾಚಿ ಕೂತೇ ಇದ್ದ. ಓಡಿ ಹೋಗಿ ಬಿಚ್ಚಿದೆ, ಕ್ಷಮಿಸಿರಿ ಎಂದೆ. ಆಮೇಲೆ ಮೂರು ಗಂಟೆ ಯಾವಾಗ ಆಗುತ್ತದೋ, ಜಮಖಂಡಿಯ ಬಸ್ಸು ಯಾವಾಗ ಬರುತ್ತದೋ ಎಂದು ಜೀವ ತಡೆಯಲಿಲ್ಲ. ಹುನ್ನೂರಿನ ನಿಲ್ದಾಣದಿಂದ ಮನೆಯವರೆಗೆ ಹೆಚ್ಚುಕಡಿಮೆ ಓಡಿದೆ. ಅವನು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಾನೆ, ನಾನು ಎತ್ತಿಕೊಂಡು ಮುತ್ತಿಡುತ್ತೇನೆ ಎಂದು ಬಸ್ಸಿನಲ್ಲಿಯೇ ಎಲ್ಲ ನೆನೆದುಕೊಂಡಿದ್ದೆ.

ಅವನು ಕಟ್ಟೆಯ ಕೆಳಗೆ ಮಣ್ಣಿನಲ್ಲಿ ಕೂತು ಚಮಚದಿಂದ ಕುಣಿ ತೋಡುತ್ತಿದ್ದ. ನನ್ನ ಚಪ್ಪಲಿಯ ಸಪ್ಪಳಕ್ಕೆ ತಲೆ ಎತ್ತಿ ನೋಡಿದ.

"ಅವ್ವ ಬಂತು," ಎಂದು ಅಜ್ಜಿಗೆ ಹೇಳಿದ. ಮತ್ತೆ ತಲೆ ಬಗ್ಗಿಸಿ ಕುಣಿ ತೋಡತೊಡಗಿದ.

ಏಳಲಿಲ್ಲ, ಓಡಿ ಬರಲಿಲ್ಲ. ಒಂದು ಕ್ಷಣ ನನಗೆ ಸಿಟ್ಟೇ ಬಂತು. ಬರುತ್ತಾಳೆ ಎಂದು ಗೊತ್ತಿದ್ದವನು ಆಟ ಬಿಟ್ಟು ಯಾಕೆ ಓಡಿ ಬರಬೇಕು? ಅದು ತಿಳಿದ ಮೇಲೆ ಚೀಲವನ್ನೂ ಇಳಿಸದೆ ಅವನ ಪಕ್ಕದ ಮಣ್ಣಿನಲ್ಲೇ ಕೂತು ಅತ್ತುಬಿಟ್ಟೆ. ಅವನು ನನ್ನ ಮುಖ ನೋಡಿ, ಚಮಚವನ್ನು ನನ್ನ ಕೈಗೆ ಕೊಟ್ಟ.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ಅಂತೂ ಒಬ್ಬಾಂವ ಸುಮ್ಮಾದ," ಎಂದರು. "ಈಗ ನಿಂದ ಸುರು ಆತೇನಬೇ?"